ಅರ್ಧಕ್ಕೆ ನಿಂತ ಅಪಾರ್ಟ್‌ಮೆಂಟ್: ದುಡ್ಡು ವಾಪಸ್ ಕೇಳಬೇಕಾ, ಮನೆಗೇ ಕಾಯಬೇಕಾ?

ಪ್ರಶ್ನೆ: 2019ರ ಕೊನೆಯಲ್ಲಿ ಬೆಂಗಳೂರಿನ ಸರ್ಜಾಪುರ ರಸ್ತೆ ಕಡೆ ಒಂದು 2 ಬಿಎಚ್‌ಕೆ ಫ್ಲ್ಯಾಟ್ ಬುಕ್ ಮಾಡಿದೆವು. 1,150 ಚದರಡಿ, ಒಟ್ಟು 61 ಲಕ್ಷ ರೂಪಾಯಿ. ಸೇಲ್ ಅಗ್ರಿಮೆಂಟ್ ರಿಜಿಸ್ಟರ್ ಆಗಿದೆ, ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರ್ ಇದೆ. 2022ರ ಡಿಸೆಂಬರ್‌ಗೆ ಕೀ ಕೊಡಬೇಕಿತ್ತು. ಇದುವರೆಗೆ 52 ಲಕ್ಷ ಕಟ್ಟಿದ್ದೇವೆ, ಅದರಲ್ಲಿ 38 ಲಕ್ಷ ಬ್ಯಾಂಕ್ ಸಾಲ. 12 ಅಂತಸ್ತಿನಲ್ಲಿ 9 ಎದ್ದಿವೆ, ಗಾರೆ ಕೆಲಸ ಶುರುವೇ ಆಗಿಲ್ಲ. ಎರಡು ವರ್ಷದಿಂದ ಸೈಟಿನಲ್ಲಿ ಸೆಕ್ಯೂರಿಟಿ ಬಿಟ್ಟರೆ ಯಾರೂ ಇಲ್ಲ. 180 ಫ್ಲ್ಯಾಟುಗಳಲ್ಲಿ 140 ಮಾರಾಟವಾಗಿವೆ. ಚದರಡಿಗೆ 400 ರೂಪಾಯಿ ಜಾಸ್ತಿ ಕೊಡಲು ಒಪ್ಪಿ ಹೊಸ ಒಪ್ಪಂದಕ್ಕೆ ಸಹಿ ಹಾಕಿದರೆ ಮಾತ್ರ ಕೆಲಸ ಶುರು ಮಾಡುತ್ತೇನೆ ಅಂತ ಈಗ ಬಿಲ್ಡರ್ ಹೇಳುತ್ತಿದ್ದಾರೆ. ಖರೀದಿ ಮಾಡಿದವರಲ್ಲಿ ಕೆಲವರು ರೇರಾಗೆ ಹೋಗೋಣ ಅನ್ನುತ್ತಾರೆ, ಕೆಲವರು ಎನ್‌ಸಿಎಲ್‌ಟಿಗೆ, ಅಂದರೆ ಕಂಪನಿಗಳ ದಿವಾಳಿ ಪ್ರಕರಣ ನೋಡುವ ನ್ಯಾಯಮಂಡಳಿಗೆ, ಅನ್ನುತ್ತಾರೆ. ಬಾಡಿಗೆ, ಇಎಂಐ ಎರಡೂ ಕಟ್ಟಿ ಸಾಕಾಗಿದೆ. ದುಡ್ಡು ವಾಪಸ್ ಕೇಳಬೇಕಾ, ಮನೆಗೇ ಕಾಯಬೇಕಾ? ಇಎಂಐ ನಿಲ್ಲಿಸಬಹುದಾ?

ಉತ್ತರ: ಎರಡು ಮಾತು ಮೊದಲೇ ಹೇಳಿಬಿಡುತ್ತೇನೆ. ಆ ಹೊಸ ಒಪ್ಪಂದಕ್ಕೆ ಈಗ ಸಹಿ ಹಾಕಬೇಡಿ. ಇಎಂಐ ನಿಲ್ಲಿಸಬೇಡಿ. ಕಾರಣ ಮುಂದೆ ಬರುತ್ತದೆ.

ಇನ್ನು ದುಡ್ಡಾ, ಮನೆಯಾ ಅನ್ನುವುದು. ನಿಮ್ಮ ಪತ್ರದಲ್ಲಿ ಬೇಕಾದ ವಿವರ ಬಹುತೇಕ ಇದೆ. ಇಲ್ಲದಿರುವುದು ಒಂದೇ, ಕೆಲಸ ಯಾಕೆ ನಿಂತಿತು ಅನ್ನುವುದು. ಬಹಳಷ್ಟು ಜನ ಇದನ್ನು ತಿಳಿದುಕೊಳ್ಳದೆ ನೇರವಾಗಿ ವಕೀಲರ ಬಳಿ ಹೋಗುತ್ತಾರೆ. ರೇರಾನಾ, ಗ್ರಾಹಕ ಆಯೋಗನಾ, ಎನ್‌ಸಿಎಲ್‌ಟಿನಾ ಅಂತ ಚರ್ಚೆ ಶುರುವಾಗುತ್ತದೆ. ದುಡ್ಡಿಲ್ಲದೆ ನಿಂತ ಕಟ್ಟಡಕ್ಕೆ ಒಂದು ದಾರಿ, ಜಮೀನಿನ ತಕರಾರಿಗೆ ನಿಂತದ್ದಕ್ಕೆ ಬೇರೆ ದಾರಿ, ನಕ್ಷೆಯ ತೊಡಕಿಗೆ ನಿಂತದ್ದಕ್ಕೆ ಮತ್ತೊಂದು. ಬಿಲ್ಡರ್ ಬಾಯಲ್ಲಿ ಬರುವುದು ಮಾತ್ರ ಯಾವಾಗಲೂ ಕೋವಿಡ್, ಇಲ್ಲವೇ ಸಿಮೆಂಟು ಕಬ್ಬಿಣದ ರೇಟು. ಕೋವಿಡ್‌ಗಾಗಿ 2020ರಲ್ಲಿ ಕೇಂದ್ರ ಸೂಚಿಸಿದ ವಿನಾಯಿತಿ 6 ತಿಂಗಳು, ಬೇಕಾದರೆ ಇನ್ನು 3. ಅದನ್ನು ಪೂರ್ತಿ ಕೊಟ್ಟರೂ ನಿಮ್ಮ ಗಡುವು 2023ರಲ್ಲೇ ಮುಗಿಯುತ್ತದೆ.

ಬೆಂಗಳೂರಿನಲ್ಲಿ ಹೆಚ್ಚಾಗಿ ಕಾಣುವುದು ದುಡ್ಡಿನ ಕಥೆಯೇ. ಅದರ ವರಸೆ ಹೀಗೆ. ಬಿಲ್ಡರ್ ಜಮೀನನ್ನು ಕೊಳ್ಳುವುದಿಲ್ಲ, ಮಾಲೀಕರ ಜೊತೆ ಜೆಡಿಎ (ಜಂಟಿ ಅಭಿವೃದ್ಧಿ ಒಪ್ಪಂದ) ಮಾಡಿಕೊಂಡು ಇಷ್ಟು ಪಾಲು ಫ್ಲ್ಯಾಟು ನಿಮಗೆ ಅನ್ನುತ್ತಾರೆ. ಬುಕಿಂಗ್ ಶುರುವಾದಾಗ ಕೈಗೆ ದುಡ್ಡು ಬರುತ್ತದೆ. ಆ ದುಡ್ಡಲ್ಲಿ ಹಳೆಯ ಪ್ರಾಜೆಕ್ಟ್ ಮುಗಿಸುತ್ತಾರೆ, ಅಥವಾ ಮುಂದಿನ ಜಮೀನಿಗೆ ಅಡ್ವಾನ್ಸ್ ಕೊಡುತ್ತಾರೆ. ಹೊಸ ಬುಕಿಂಗ್ ಬರುತ್ತಿರುವವರೆಗೆ ಎಲ್ಲವೂ ಓಡುತ್ತದೆ. 2018ರ ಸೆಪ್ಟೆಂಬರ್‌ನಲ್ಲಿ ಐಎಲ್ ಅಂಡ್ ಎಫ್‌ಎಸ್ ಅನ್ನುವ ದೊಡ್ಡ ಹಣಕಾಸು ಸಂಸ್ಥೆ ಸಾಲ ತೀರಿಸಲಾಗದೆ ಕುಸಿದಾಗ ಬಿಲ್ಡರ್‌ಗಳಿಗೆ ದುಡ್ಡು ಕೊಡುತ್ತಿದ್ದ ಹಣಕಾಸು ಕಂಪನಿಗಳು ಒಮ್ಮೆಲೇ ಕೈ ಬಿಗಿ ಮಾಡಿದವು. ಅದರ ಬೆನ್ನಿಗೇ ಕೋವಿಡ್ ಬಂತು. ಒಂದರ ದುಡ್ಡಲ್ಲಿ ಇನ್ನೊಂದನ್ನು ನಡೆಸುತ್ತಿದ್ದವರು ಅಲ್ಲಿ ಸಿಕ್ಕಿಬಿದ್ದರು.

ಹಾಗಾದರೆ ರೇರಾ ಇದ್ದೂ ಇದು ಹೇಗೆ ಆಯಿತು ಅಂತ ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. 2016ರ ರೇರಾ ಕಾಯ್ದೆಯ ಸೆಕ್ಷನ್ 4ರ ಪ್ರಕಾರ ಖರೀದಿದಾರರಿಂದ ಬಂದ ದುಡ್ಡಿನ ಶೇ. 70 ಪ್ರತ್ಯೇಕ ಖಾತೆಯಲ್ಲಿರಬೇಕು. ಎಷ್ಟು ಕೆಲಸ ಆಗಿದೆಯೋ ಅಷ್ಟಕ್ಕೆ ತಕ್ಕಂತೆ ಮಾತ್ರ ತೆಗೆಯಬೇಕು. ಅದಕ್ಕೆ ಎಂಜಿನಿಯರ್, ಆರ್ಕಿಟೆಕ್ಟ್, ಚಾರ್ಟರ್ಡ್ ಅಕೌಂಟೆಂಟ್ ಮೂವರ ಸರ್ಟಿಫಿಕೇಟ್ ಬೇಕು. ಓದಲು ಬಿಗಿಯಾಗಿಯೇ ಇದೆ. ಆದರೆ ಈ ಖಾತೆಯಿಂದ ಕಟ್ಟುವ ಖರ್ಚಿನ ಜೊತೆಗೆ ಜಮೀನಿನ ಖರ್ಚನ್ನೂ ತೆಗೆಯಬಹುದು. ಆ ಮೂವರಿಗೂ ಫೀಸು ಕೊಡುವವರು ಬಿಲ್ಡರೇ. ಉಳಿದದ್ದನ್ನು ನಾನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ನಿಮ್ಮ ಲೆಕ್ಕದಲ್ಲೇ ಒಂದು ಸುಳಿವಿದೆ. 61ರಲ್ಲಿ 52 ಲಕ್ಷ ಅಂದರೆ ಶೇ. 85. ಗಾರೆಯೇ ಆಗದ, ಮೇಲಿನ ಮೂರು ಅಂತಸ್ತಿನ ಮೋಲ್ಡೂ ಬೀಳದ ಕಟ್ಟಡಕ್ಕೆ ಶೇ. 85 ಕಟ್ಟಿದ್ದೀರಿ. ಅಗ್ರಿಮೆಂಟಿನಲ್ಲಿ ಯಾವ ಹಂತಕ್ಕೆ ಎಷ್ಟು ಕಂತು ಅಂತ ಬರೆದಿರುತ್ತದೆ, ತೆಗೆದು ನೋಡಿ. ಕೆಲಸದ ಹಂತಕ್ಕಿಂತ ಮೊದಲೇ ದುಡ್ಡು ಎಳೆದಿದ್ದರೆ ಅದು ಮುಂದೆ ನಿಮ್ಮ ದೂರಿನ ಗಟ್ಟಿ ಭಾಗ. ಬ್ಯಾಂಕಿನ ವಿಷಯಕ್ಕೂ ಇದೇ ಬೇಕಾಗುತ್ತದೆ.

ಎರಡನೆಯ ಕಾರಣ ನಕ್ಷೆ, ಅನುಮತಿ. 2016ರಲ್ಲಿ ಹಸಿರು ನ್ಯಾಯಮಂಡಳಿ ಬೆಂಗಳೂರಿನ ಕೆರೆಗಳ ಸುತ್ತ 75 ಮೀಟರ್ ಬಿಡಬೇಕು ಅಂದಿತು. ಅದಕ್ಕೂ ಮೊದಲು ಮಾಸ್ಟರ್ ಪ್ಲಾನಿನಲ್ಲಿದ್ದದ್ದು 30 ಮೀಟರ್. ರಾಜಕಾಲುವೆ ಅಂಚಿನ ಅಂತರವೂ ಬದಲಾಯಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶ ತೆಗೆದುಹಾಕುವ ತನಕ ಎಷ್ಟೋ ಯೋಜನೆಗಳು ಹಾಗೇ ನಿಂತಿದ್ದವು. ನಿಮ್ಮದು ಆಮೇಲೆ ಶುರುವಾದದ್ದು. ಆದರೂ ಸರ್ಜಾಪುರದ ಕಡೆ ಕೆರೆ, ಕಾಲುವೆ ಕಡಿಮೆ ಏನಿಲ್ಲ. ಸರ್ವೆ ನಕ್ಷೆ ತರಿಸಿ ನೋಡುವುದು ಒಳ್ಳೆಯದು.

ಮೂರನೆಯದು ಜಮೀನು ಮಾಲೀಕರ ಜಗಳ. ಅಣ್ಣತಮ್ಮಂದಿರ ಪಾಲಿನ ದಾವೆ, ಸಹಿ ಹಾಕದ ತಂಗಿ, ಜೆಡಿಎ ರದ್ದು ಅಂತ ನೋಟಿಸ್. ಇದ್ದರೆ ಕೋರ್ಟಿನ ತಡೆಯಾಜ್ಞೆ ಎಲ್ಲೋ ಇರುತ್ತದೆ.

ಇವನ್ನೆಲ್ಲ ತಿಳಿಯಲು ಪತ್ತೇದಾರಿಕೆ ಬೇಕಾಗಿಲ್ಲ. ಕರ್ನಾಟಕ ರೇರಾ ವೆಬ್‌ಸೈಟಿನಲ್ಲಿ ನಿಮ್ಮ ಪ್ರಾಜೆಕ್ಟಿನ ಪುಟ ತೆರೆದರೆ ಮೂರು ತಿಂಗಳಿಗೊಮ್ಮೆ ಹಾಕಬೇಕಾದ ಪ್ರಗತಿ ವರದಿ ಸಿಗುತ್ತದೆ. ಅದು ಯಾವ ತಿಂಗಳಲ್ಲಿ ನಿಂತಿದೆ ಅನ್ನುವುದೇ ಒಂದು ಮಾಹಿತಿ. ಕಾವೇರಿ ಪೋರ್ಟಲ್‌ನಲ್ಲಿ ಜಮೀನಿನ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ. ಅಡಮಾನ ಇದ್ದರೆ ಕಾಣುತ್ತದೆ. ಕೇಂದ್ರದ ಕಂಪನಿ ವ್ಯವಹಾರ ಸಚಿವಾಲಯದ ಪೋರ್ಟಲ್‌ನಲ್ಲಿ ಬಿಲ್ಡರ್ ಕಂಪನಿಯ ಹೆಸರು ಹಾಕಿ ನೋಡಿದರೆ ಯಾವ ಬ್ಯಾಂಕಿಗೆ ಏನೇನು ಒತ್ತೆ ಇಟ್ಟಿದ್ದಾರೆ ಅಂತ ಪಟ್ಟಿ ಬರುತ್ತದೆ. ಎನ್‌ಸಿಎಲ್‌ಟಿ ಬೆಂಗಳೂರು ಪೀಠದಲ್ಲಿ ಈಗಾಗಲೇ ಯಾರಾದರೂ ಅರ್ಜಿ ಹಾಕಿದ್ದಾರಾ ಅನ್ನುವುದನ್ನೂ ಆನ್‌ಲೈನ್‌ನಲ್ಲೇ ಹುಡುಕಬಹುದು. ಇವೆಲ್ಲಕ್ಕಿಂತ ಬೇಗ ಸತ್ಯ ಸಿಗುವುದು ಸೈಟಿಗೆ ಕಬ್ಬಿಣ, ರೆಡಿಮಿಕ್ಸ್ ಹಾಕುತ್ತಿದ್ದವರ ಹತ್ತಿರ. ಅವರಿಗೂ ಬಾಕಿ ಬರಬೇಕಿರುತ್ತದೆ, ಮಾತಾಡುತ್ತಾರೆ.

ಈಗ ಹಕ್ಕಿನ ಮಾತು. ರೇರಾ ಕಾಯ್ದೆಯ ಸೆಕ್ಷನ್ 18 ನಿಮ್ಮ ಕಡೆಗಿದೆ. ಗಡುವು ಮೀರಿದರೆ ನೀವು ಹೊರಬರಬಹುದು, ಕಟ್ಟಿದ ಅಷ್ಟೂ ದುಡ್ಡು ಬಡ್ಡಿ ಸಮೇತ ಬರಬೇಕು. ಹೊರಬರುವುದಿಲ್ಲ, ಮನೆಯೇ ಬೇಕು ಅಂದರೆ ಕೀ ಕೊಡುವ ತನಕ ಪ್ರತಿ ತಿಂಗಳ ತಡಕ್ಕೂ ಬಡ್ಡಿ. ಆಯ್ಕೆ ನಿಮ್ಮದು, ಬಿಲ್ಡರ್‌ದಲ್ಲ. 2021ರ ನವೆಂಬರ್‌ನಲ್ಲಿ ನ್ಯೂಟೆಕ್ ಪ್ರಮೋಟರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ತಡಕ್ಕೆ ಬಿಲ್ಡರ್ ಏನೇ ಕಾರಣ ಕೊಟ್ಟರೂ, ಖರೀದಿದಾರರ ತಪ್ಪಿಲ್ಲದಿದ್ದರೆ ದುಡ್ಡು ವಾಪಸ್ ಕೇಳುವ ಹಕ್ಕಿಗೆ ಷರತ್ತಿಲ್ಲ. ಕರ್ನಾಟಕದ ನಿಯಮದಲ್ಲಿ ಬಡ್ಡಿ ಅಂದರೆ ಎಸ್‌ಬಿಐನ ಗರಿಷ್ಠ ಎಂಸಿಎಲ್‌ಆರ್ (ಬ್ಯಾಂಕ್ ಸಾಲ ಕೊಡುವ ಮೂಲ ಬಡ್ಡಿ) ದರಕ್ಕೆ ಶೇ. 2 ಸೇರಿಸಿದ್ದು. ಈಚಿನ ವರ್ಷಗಳಲ್ಲಿ ಶೇ. 9ರಿಂದ 11ರ ಆಸುಪಾಸು. 52 ಲಕ್ಷಕ್ಕೆ ಶೇ. 10 ಅಂತಿಟ್ಟುಕೊಂಡರೂ ವರ್ಷಕ್ಕೆ 5 ಲಕ್ಷದ ಮೇಲಾಯಿತು.

ಕೇಳಲು ಚೆನ್ನಾಗಿದೆ. ಆದರೆ ಆದೇಶ ಬಂದ ಮಾತ್ರಕ್ಕೆ ದುಡ್ಡು ಬರುವುದಿಲ್ಲ. ಬಿಲ್ಡರ್ ಕೊಡದಿದ್ದರೆ ರೇರಾ ವಸೂಲಿ ಪತ್ರ ಹೊರಡಿಸುತ್ತದೆ. ಅದು ಜಿಲ್ಲಾಧಿಕಾರಿಗೆ, ಅಲ್ಲಿಂದ ತಹಶೀಲ್ದಾರರಿಗೆ ಹೋಗುತ್ತದೆ. ಅವರು ಕಂದಾಯ ಬಾಕಿ ವಸೂಲಿ ಮಾಡುವ ಹಾಗೆ ಆಸ್ತಿ ಜಪ್ತಿ ಮಾಡಿ ಹರಾಜು ಹಾಕಬೇಕು. ಕರ್ನಾಟಕದಲ್ಲಿ ಹೀಗೆ ಹೋದ ಪತ್ರಗಳ ದೊಡ್ಡ ಭಾಗ ವಸೂಲಾಗದೆ ಬಾಕಿ ಇದೆ. ಕಂಪನಿ ಹೆಸರಲ್ಲಿ ಅಡಮಾನ ಇಲ್ಲದ ಆಸ್ತಿಯೇ ಇಲ್ಲದಿದ್ದರೆ ತಹಶೀಲ್ದಾರರಾದರೂ ಏನು ಹರಾಜು ಹಾಕುತ್ತಾರೆ?

ಹಾಗಾಗಿ ನನ್ನ ಅಳತೆ ಇಷ್ಟೇ. ಅದೇ ಕಂಪನಿ ಬೇರೆ ಕಡೆ ಪ್ರಾಜೆಕ್ಟ್ ನಡೆಸುತ್ತಿದ್ದರೆ, ಮಾರಾಟವಾಗದ ಫ್ಲ್ಯಾಟು, ಬಾಡಿಗೆ ಬರುವ ಕಟ್ಟಡ ಇಟ್ಟುಕೊಂಡಿದ್ದರೆ, ದುಡ್ಡು ವಾಪಸ್ ಕೇಳಿ. ಅಂಥವರು ಜಪ್ತಿಗೆ ಹೆದರುತ್ತಾರೆ, ಕಂತು ಮಾಡಿಯಾದರೂ ಕೊಡುತ್ತಾರೆ. ಕಂಪನಿಯೇ ಖಾಲಿಯಾಗಿದ್ದರೆ, ಉಳಿದಿರುವ ಒಂದೇ ಆಸ್ತಿ ನಿಮ್ಮ ಆ 9 ಅಂತಸ್ತು. ಆಗ ಅದನ್ನು ಮುಗಿಸುವ ಕಡೆ ಯೋಚಿಸಬೇಕು. ಎರಡು ಸಂದರ್ಭದಲ್ಲೂ ದೂರಿನಲ್ಲಿ ಜಮೀನು ಮಾಲೀಕರನ್ನೂ ಸೇರಿಸಿ. ಅವರು ಪಾಲುದಾರರಾಗಿ ಫ್ಲ್ಯಾಟು ಪಡೆದು ಮಾರುವವರಾದರೆ ಅವರೂ ಕಾಯ್ದೆಯ ಲೆಕ್ಕದಲ್ಲಿ ಬಿಲ್ಡರ್‌ನಂತೆಯೇ ಪ್ರಮೋಟರ್ ಅನ್ನಿಸಿಕೊಳ್ಳುತ್ತಾರೆ.

ಮುಗಿಸುವ ದಾರಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಇದರ ಬಗ್ಗೆ ಕೇಳುವವರು ಕಡಿಮೆ. ರೇರಾ ನೋಂದಣಿಯ ಅವಧಿ ಮುಗಿದರೆ, ಅಥವಾ ಸೆಕ್ಷನ್ 7ರಲ್ಲಿ ನೋಂದಣಿ ರದ್ದಾದರೆ, ಸೆಕ್ಷನ್ 8 ಬಳಕೆಗೆ ಬರುತ್ತದೆ. ಉಳಿದ ಕೆಲಸವನ್ನು ಯಾರು ಮಾಡಬೇಕು ಅಂತ ಪ್ರಾಧಿಕಾರ ಸರ್ಕಾರದ ಜೊತೆ ಸಮಾಲೋಚಿಸಿ ತೀರ್ಮಾನಿಸುತ್ತದೆ. ಅದರಲ್ಲಿ ಮೊದಲ ಹಕ್ಕು ಖರೀದಿದಾರರ ಸಂಘಕ್ಕೆ. ಸಂಘ ಬೇಡ ಅಂದ ಮೇಲೆ ಬೇರೆಯವರಿಗೆ. ಅಂದರೆ ಮೊದಲು ಸಂಘ ಇರಬೇಕು. ಅರ್ಧಕ್ಕಿಂತ ಜಾಸ್ತಿ ಫ್ಲ್ಯಾಟು ಬುಕ್ ಆದ ಮೂರು ತಿಂಗಳೊಳಗೆ ಸಂಘ ಮಾಡಿಸುವುದು ಬಿಲ್ಡರ್ ಹೊಣೆ. ಮಾಡಿಸಿರುವುದಿಲ್ಲ ಬಿಡಿ. ನೀವೇ ಮಾಡಿ ನೋಂದಾಯಿಸಿ. 140 ಜನರ ವಾಟ್ಸಾಪ್ ಗುಂಪು ಸಂಘ ಅಲ್ಲ. ಅದಕ್ಕೆ ಬ್ಯಾಂಕ್ ಖಾತೆ ಇಲ್ಲ, ಸಹಿ ಹಾಕುವ ಅಧಿಕಾರ ಇಲ್ಲ, ರಾತ್ರಿ ಹನ್ನೊಂದಕ್ಕೆ ಜಗಳ ಮಾತ್ರ ಇದೆ.

ಸಂಘದ ಮೊದಲ ಖರ್ಚು ವಕೀಲರಿಗಲ್ಲ, ಒಬ್ಬ ಸ್ವತಂತ್ರ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ಆಗಬೇಕು. ಎರಡು ಮಳೆಗಾಲ ಬಯಲಲ್ಲಿ ನಿಂತ ಕಬ್ಬಿಣ ಹೇಗಿದೆ, ಉಳಿದ ಕೆಲಸಕ್ಕೆ ಎಷ್ಟು ಬೇಕು, ಅವರು ಬರೆದು ಕೊಡಲಿ. ಆಮೇಲೆ ಕೂತು ಲೆಕ್ಕ ಹಾಕಿ. ಒಂದು ಉದಾಹರಣೆ ಹೇಳುತ್ತೇನೆ, ಅಂಕಿ ನನ್ನ ಊಹೆ. ಉಳಿದ ಕೆಲಸಕ್ಕೆ 24 ಕೋಟಿ ಅಂದುಕೊಳ್ಳಿ, ಪ್ರಾಜೆಕ್ಟಿನ ಮೇಲೆ ಸಾಲ 18 ಕೋಟಿ. ಒಟ್ಟು 42 ಕೋಟಿ ಬೇಕು. ಬರುವುದು ಏನು? 140 ಜನರಿಂದ ತಲಾ 9 ಲಕ್ಷ ಬಾಕಿ ಅಂದರೆ 12.6 ಕೋಟಿ. ಮಾರಾಟವಾಗದ 40 ಫ್ಲ್ಯಾಟು 65 ಲಕ್ಷದಂತೆ ಹೋದರೆ 26 ಕೋಟಿ. ಎರಡೂ ಸೇರಿ 38.6 ಕೋಟಿ. ಕಡಿಮೆ ಬೀಳುವುದು 3.4 ಕೋಟಿ, ತಲಾ ಸುಮಾರು 2.4 ಲಕ್ಷ.

ಈಗ ಬಿಲ್ಡರ್ ಕೇಳುತ್ತಿರುವುದನ್ನು ನೋಡಿ. ಚದರಡಿಗೆ 400ರಂತೆ 1,150 ಚದರಡಿಗೆ 4.6 ಲಕ್ಷ. ಎಲ್ಲವೂ ಇಷ್ಟೇ ಅಳತೆಯ ಫ್ಲ್ಯಾಟು ಅಂತಾದರೆ 140 ಜನರಿಂದ 6.4 ಕೋಟಿಯ ಮೇಲಾಗುತ್ತದೆ. ನಿಮ್ಮ ನಿಜವಾದ ಅಂಕಿಗಳು ಬೇರೆ ಇರಬಹುದು, ಕೊರತೆ ಇನ್ನೂ ಜಾಸ್ತಿಯೇ ಇರಬಹುದು. ಆದರೆ ಈ ಲೆಕ್ಕ ಕೈಯಲ್ಲಿಲ್ಲದೆ 400 ನ್ಯಾಯವಾ ಅನ್ಯಾಯವಾ ಅಂತ ಹೇಳುವುದು ಹೇಗೆ? ದುಡ್ಡು ಕೊಡುವುದೇ ಆದರೂ ಬಿಲ್ಡರ್‌ನ ಹಳೆಯ ಖಾತೆಗೆ ಕೊಡಬೇಡಿ. ಸಂಘದ ಸಹಿಯೂ ಬೇಕಾಗುವ ಹೊಸ ಎಸ್ಕ್ರೋ ಖಾತೆ (ಗೊತ್ತುಮಾಡಿದ ಕೆಲಸಕ್ಕೆ ಮಾತ್ರ ದುಡ್ಡು ತೆಗೆಯಬಹುದಾದ ಖಾತೆ) ತೆರೆಸಿ, ಕಂಟ್ರಾಕ್ಟರ್‌ಗೆ ಅಲ್ಲಿಂದಲೇ ನೇರವಾಗಿ ಹೋಗಲಿ.

ಒಂದು ತೊಡಕಿದೆ. ನಿಂತ ಕಟ್ಟಡದ 40 ಫ್ಲ್ಯಾಟು ಇವತ್ತು ಯಾರೂ ಕೊಳ್ಳುವುದಿಲ್ಲ. ಕೆಲಸ ಶುರುವಾಗಿ ಆರೆಂಟು ತಿಂಗಳು ನಡೆದರೆ ಮಾತ್ರ ಗಿರಾಕಿ ಬರುತ್ತಾರೆ. ಅಲ್ಲಿಯವರೆಗೆ ನಡೆಸಲು ಯಾರಾದರೂ ದುಡ್ಡು ಹಾಕಬೇಕು. ಕೇಂದ್ರದ ಸ್ವಾಮಿಹ್ ನಿಧಿ ಹುಟ್ಟಿದ್ದು ಇದಕ್ಕೇ. 2019ರ ನವೆಂಬರ್‌ನಲ್ಲಿ 25,000 ಕೋಟಿ ರೂಪಾಯಿ ಗುರಿಯೊಂದಿಗೆ ಘೋಷಿಸಿದರು, ಎಸ್‌ಬಿಐ ಸಮೂಹದ ಕಂಪನಿ ಅದನ್ನು ನಡೆಸುತ್ತದೆ. 2025ರ ಬಜೆಟ್‌ನಲ್ಲಿ 15,000 ಕೋಟಿಯ ಎರಡನೆಯ ನಿಧಿಯ ಮಾತು ಬಂತು. ಇದು ದಾನ ಅಲ್ಲ, ಸಾಲ. ಉಳಿದ ಕೆಲಸ ಮುಗಿಸಿದರೆ ಖರ್ಚು ಕಳೆದು ಏನಾದರೂ ಮಿಗುತ್ತದೆ ಅಂತ ಲೆಕ್ಕ ತೋರಿಸಬೇಕು. ತೋರಿಸಲು ಮೇಲಿನ ಆ ಲೆಕ್ಕದ ಹಾಳೆಯೇ ಬೇಕು.

ಎನ್‌ಸಿಎಲ್‌ಟಿ ಬಗ್ಗೆ. ದಿವಾಳಿ ಕಾಯ್ದೆಗೆ 2018ರಲ್ಲಿ ತಂದ ತಿದ್ದುಪಡಿಯಿಂದ ಮನೆ ಖರೀದಿದಾರರೂ ಹಣಕಾಸು ಸಾಲಗಾರರ ಸಾಲಿಗೆ, ಅಂದರೆ ಸಾಲ ಕೊಟ್ಟ ಬ್ಯಾಂಕುಗಳ ಸಾಲಿಗೆ ಸೇರಿದರು. 2019ರಲ್ಲಿ ಪಯೋನಿಯರ್ ಅರ್ಬನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆಮೇಲೆ ಸರ್ಕಾರ ಒಂದು ಮಿತಿ ಹಾಕಿತು. ಒಂದೇ ಪ್ರಾಜೆಕ್ಟಿನ 100 ಜನ ಅಥವಾ ಶೇ. 10 ಜನ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಮಂದಿ ಸೇರಬೇಕು. ನಿಮ್ಮಲ್ಲಿ 14 ಜನ ಸೇರಿದರೆ ಸಾಕಾಗುತ್ತದೆ. ಇಷ್ಟು ಸುಲಭ ಅನ್ನುವ ಕಾರಣಕ್ಕೇ ಗುಂಪಿನಲ್ಲಿ ಯಾರೋ ಒಬ್ಬರು ಇದನ್ನು ಎತ್ತುತ್ತಾರೆ.

ನನ್ನ ಅಭಿಪ್ರಾಯದಲ್ಲಿ ಇದು ಕೊನೆಯ ಬಾಗಿಲು. ಅರ್ಜಿ ಅಂಗೀಕಾರವಾದ ದಿನದಿಂದ ಕಂಪನಿಯ ಮೇಲಿನ ಎಲ್ಲ ವಸೂಲಿಗೂ ತಡೆ ಬೀಳುತ್ತದೆ. ನಿಮ್ಮ ನೆರೆಮನೆಯವರು ಕಷ್ಟಪಟ್ಟು ತಂದ ರೇರಾ ಆದೇಶವೂ ಅಲ್ಲೇ ನಿಲ್ಲುತ್ತದೆ. ಸಾಲ ಕೊಟ್ಟವರ ಸಮಿತಿಯಲ್ಲಿ ಬ್ಯಾಂಕುಗಳು ಕೂರುತ್ತವೆ. ಖರೀದಿದಾರರೆಲ್ಲರ ಪರವಾಗಿ ಒಬ್ಬ ಪ್ರತಿನಿಧಿ ಮತ ಹಾಕುತ್ತಾರೆ, ಮತ ಹಾಕಿದ ಖರೀದಿದಾರರ ಮತದ ಪಾಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಯಾವ ಕಡೆಗಿದೆಯೋ ಅದೇ ಎಲ್ಲರ ಮತವಾಗುತ್ತದೆ. ಒಳ್ಳೆಯ ಹೊಸ ಬಿಲ್ಡರ್ ಮುಂದೆ ಬಂದರೆ ಸರಿ. ಯಾರೂ ಬರದಿದ್ದರೆ ಕಂಪನಿ ಲಿಕ್ವಿಡೇಶನ್‌ಗೆ, ಅಂದರೆ ಆಸ್ತಿ ಮಾರಿ ಮುಚ್ಚುವ ಹಂತಕ್ಕೆ, ಹೋಗುತ್ತದೆ. ಇದು ಮುಗಿಯಲು ಕಾಯ್ದೆಯಲ್ಲಿ 330 ದಿನ ಅಂತಿದೆ, ಅದನ್ನು ನಂಬಿ ಮಗಳ ಮದುವೆ ಗೊತ್ತು ಮಾಡಬೇಡಿ.

ಆದರೆ ನೀವು ಹೋಗದಿದ್ದರೂ ಬ್ಯಾಂಕೋ, ಸಿಮೆಂಟ್ ಕೊಟ್ಟವರೋ ಹೋಗಬಹುದು. ಹಾಗಾದರೆ ಸುಮ್ನೆ ಕೂರಬೇಡಿ. ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ, ಗಡುವಿನೊಳಗೆ ಫಾರ್ಮ್ ಸಿಎಯಲ್ಲಿ ನಿಮ್ಮ ಕ್ಲೇಮ್ ಹಾಕಿ. ರೇರಾ ಆದೇಶ ಪಡೆದವರನ್ನೂ ಉಳಿದ ಖರೀದಿದಾರರಂತೆಯೇ ನೋಡಬೇಕು ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ತಡೆ ಇರುವುದು ಕಂಪನಿಗೆ ಮಾತ್ರ, ಅದರ ಹಿಂದಿನ ಪ್ರಮೋಟರ್‌ಗಳಿಗಲ್ಲ ಅನ್ನುವುದೂ ನೆನಪಿರಲಿ.

ಆಮ್ರಪಾಲಿ ಅನ್ನುವ ಬಿಲ್ಡರ್ ಸಮೂಹದ ವಿಷಯ ಕೆಲವರು ಎತ್ತುತ್ತಾರೆ. 2019ರ ಜುಲೈ 23ರಂದು ಸುಪ್ರೀಂ ಕೋರ್ಟ್ ಆ ಸಮೂಹದ ರೇರಾ ನೋಂದಣಿ ರದ್ದು ಮಾಡಿ, ನೋಯ್ಡಾ, ಗ್ರೇಟರ್ ನೋಯ್ಡಾದ ಕಟ್ಟಡಗಳನ್ನು ಮುಗಿಸಲು ಸರ್ಕಾರಿ ಕಂಪನಿ ಎನ್‌ಬಿಸಿಸಿಗೆ ಒಪ್ಪಿಸಿತು. ಅಲ್ಲಿದ್ದವರು ಸುಮಾರು 42,000 ಖರೀದಿದಾರರು. 180 ಮನೆಗಳ ಪ್ರಾಜೆಕ್ಟಿಗೆ ಸುಪ್ರೀಂ ಕೋರ್ಟ್ ಕಂಟ್ರಾಕ್ಟರ್ ನೇಮಿಸುವುದಿಲ್ಲ.

ಇಎಂಐ ಯಾಕೆ ನಿಲ್ಲಿಸಬಾರದು? ಸಾಲ ನಿಮ್ಮ ಹೆಸರಲ್ಲಿದೆ. ಬಿಲ್ಡರ್ ಮಾತು ತಪ್ಪಿದ್ದು ಬ್ಯಾಂಕಿನ ಲೆಕ್ಕದಲ್ಲಿ ನೆಪವಾಗುವುದಿಲ್ಲ. ಸಿಬಿಲ್ ಹಾಳಾದರೆ ನಾಳೆ ಈ ಮನೆ ಬಿಟ್ಟು ಬೇರೆ ಕೊಳ್ಳೋಣ ಅಂದರೂ ಸಾಲ ಸಿಗುವುದಿಲ್ಲ. ಆದರೆ ಬ್ಯಾಂಕನ್ನು ಪ್ರಶ್ನೆ ಕೇಳಬೇಕು. ಸಾಲ ಬಿಡುಗಡೆಗೂ ಕಟ್ಟಡದ ಹಂತಕ್ಕೂ ಹೊಂದಿಕೆ ಇರಬೇಕು ಅಂತ ರಿಸರ್ವ್ ಬ್ಯಾಂಕ್ 2013ರಲ್ಲೇ ಸುತ್ತೋಲೆ ಹೊರಡಿಸಿದೆ. ನಿಮ್ಮ 38 ಲಕ್ಷ ಯಾವ ಯಾವ ತಾರೀಕಿಗೆ, ಯಾವ ಹಂತದ ವರದಿ ನೋಡಿ ಹೋಯಿತು ಅಂತ ಬರಹದಲ್ಲಿ ಕೇಳಿ. ಸರಿಯಾದ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ. ಕೀ ಕೊಡುವವರೆಗೆ ಬಿಲ್ಡರೇ ಬಡ್ಡಿ ಕಟ್ಟುವ ಸಬ್‌ವೆನ್ಷನ್ ಸ್ಕೀಮುಗಳಲ್ಲಿ ಬಿಲ್ಡರ್ ಮತ್ತು ಬ್ಯಾಂಕುಗಳ ಹೊಂದಾಣಿಕೆ ಬಗ್ಗೆ 2025ರಲ್ಲಿ ಸುಪ್ರೀಂ ಕೋರ್ಟ್ ಸಿಬಿಐ ತನಿಖೆಗೆ ಹೇಳಿದೆ, ಬೆಂಗಳೂರಿನ ಪ್ರಕರಣಗಳೂ ಅದರಲ್ಲಿವೆ.

ಇನ್ನು ಆ ಹೊಸ ಒಪ್ಪಂದ. 400 ರೂಪಾಯಿಗಿಂತ ನನಗೆ ಭಯ ಹುಟ್ಟಿಸುವುದು ಅದರೊಳಗಿನ ಇನ್ನೆರಡು ಸಾಲು. ಇಂಥ ಒಪ್ಪಂದಗಳಲ್ಲಿ ಕೀ ಕೊಡುವ ಹೊಸ ತಾರೀಕು ಇರುತ್ತದೆ. ಹಿಂದಿನ ತಡಕ್ಕೆ ನಮ್ಮದೇನೂ ತಕರಾರಿಲ್ಲ ಅನ್ನುವ ಮಾತೂ ಇರುತ್ತದೆ. ಸೆಕ್ಷನ್ 18ರಲ್ಲಿ ತಡದ ಬಡ್ಡಿ ಎಣಿಕೆಯಾಗುವುದು ಅಗ್ರಿಮೆಂಟಿನಲ್ಲಿ ಬರೆದಿರುವ ಕೀ ಕೊಡುವ ತಾರೀಕಿನಿಂದ. ಬಿಲ್ಡರ್ ರೇರಾದಲ್ಲಿ ಗಡುವು ವಿಸ್ತರಿಸಿಕೊಂಡರೂ ನಿಮ್ಮ 2022ರ ಡಿಸೆಂಬರ್ ಬದಲಾಗುವುದಿಲ್ಲ. ನೀವೇ ಸಹಿ ಹಾಕಿ ಬದಲಾಯಿಸಿಕೊಂಡರೆ ಇಷ್ಟು ವರ್ಷದ ಬಡ್ಡಿ ಕೈಬಿಟ್ಟ ಹಾಗೆ. ಮಾತುಕತೆಗೆ ಹೋಗಿ, ಬೇಡ ಅನ್ನುವುದಿಲ್ಲ. ಸಂಘದ ಮೂಲಕ ಹೋಗಿ. ಹಿಂದಿನ ಹಕ್ಕು ಹಾಗೇ ಉಳಿದಿದೆ ಅಂತ ಬರೆಸಿಕೊಳ್ಳಿ.

ತೆರಿಗೆಯ ವಿಷಯ ಯಾರೂ ಹೇಳಿರುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ, ವಾಸದ ಮನೆಯ ಸಾಲದ ಬಡ್ಡಿಗೆ 2 ಲಕ್ಷದ ವಿನಾಯಿತಿ ಸಿಗಬೇಕಾದರೆ ಸಾಲ ಪಡೆದ ಹಣಕಾಸು ವರ್ಷ ಮುಗಿದು 5 ವರ್ಷದೊಳಗೆ ಮನೆ ಪೂರ್ತಿಯಾಗಬೇಕು. ಬುಕಿಂಗ್ ಸಮಯದಲ್ಲೇ ಸಾಲ ಪಡೆದಿದ್ದರೆ ನಿಮಗೆ ಅದು 2025ರ ಮಾರ್ಚ್‌ಗೆ ಮುಗಿದಿದೆ. ಮುಂದೆ ಮನೆ ಸಿಕ್ಕರೂ ಮಿತಿ 30,000 ರೂಪಾಯಿ. ಈ ನಷ್ಟವನ್ನೂ ಪರಿಹಾರದ ಅರ್ಜಿಯಲ್ಲಿ ಬರೆಯಿರಿ. ಬುಕಿಂಗ್ ರದ್ದು ಮಾಡಿದರೆ ಕಟ್ಟಿದ ಜಿಎಸ್‌ಟಿಯೂ ವಾಪಸ್ ಕೇಳಬಹುದು. ಜಿಎಸ್‌ಟಿ ನೋಂದಣಿ ಇಲ್ಲದ ಖರೀದಿದಾರರೇ ನೇರವಾಗಿ ಅರ್ಜಿ ಹಾಕಲು 2022ರ ಡಿಸೆಂಬರ್ ಸುತ್ತೋಲೆಯಲ್ಲಿ ದಾರಿ ಮಾಡಿದ್ದಾರೆ.

ಸಂಘವೇ ಮುಗಿಸುವುದು ಅಂತಾದರೆ, ಎಂಜಿನಿಯರ್ ವರದಿಯಲ್ಲಿ ಇನ್ನೊಂದನ್ನು ಕೇಳಿ: ಈಗ ಎದ್ದಿರುವ 9 ಅಂತಸ್ತು ಮಂಜೂರಾದ ನಕ್ಷೆಯಂತೆಯೇ ಇದೆಯಾ? 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಓಸಿ (ವಾಸಕ್ಕೆ ಯೋಗ್ಯ ಅನ್ನುವ ಪ್ರಮಾಣಪತ್ರ) ಇಲ್ಲದ ಕಟ್ಟಡಕ್ಕೆ ಕರೆಂಟು, ನೀರು ಕೊಡಬಾರದು ಅಂದಿದೆ. ಆಮೇಲೆ ಬೆಸ್ಕಾಂ ಕೂಡ ಓಸಿ ಕೇಳಲು ಶುರು ಮಾಡಿತು. ಬಿಲ್ಡರ್ ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಬಿಡಬೇಕಾದ ಜಾಗ) ನುಂಗಿದ್ದರೆ ಅದನ್ನು ಸರಿಪಡಿಸುವ ಖರ್ಚೂ ಆ 24 ಕೋಟಿಯ ಸಾಲಿಗೆ ಸೇರಬೇಕು.